ಟಿವಿ ಹಿಂದಿನ ಡಬ್ಬಿ ಕೊಳ್ಳುವ ಮುನ್ನ

ಕಳೆದ ತಿಂಗಳು ತರಗತಿ ಮುಗಿದ ಮೇಲೆ ಇಬ್ಬರು ಆಂಟಿಯರು ನನ್ನನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು: "ಮಕ್ಕಳ ಗೇಮ್ ಎರಡು ಮೂರು ಆಗಿವೆ, ಟಿವಿಯಲ್ಲಿ ಜಾಗ ಇಲ್ಲ, ಯಾವುದೋ ಸ್ವಿಚ್ ಸಿಗುತ್ತದಂತಲ್ಲ, ಯಾವುದು ತಗೊಳ್ಳಬೇಕು?" ಅಲ್ಲೇ ಉತ್ತರ ಹೇಳಲು ಹೊರಟೆ, ಹತ್ತು ನಿಮಿಷವಾದರೂ ಮುಗಿಯಲಿಲ್ಲ. ಕಾರಲ್ಲಿ ಅಮ್ಮ ಕಾಯುತ್ತಿದ್ದರು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನೀಗ ಟ್ರಾನ್ಸಿಷನ್ ಇಯರ್‌ನಲ್ಲಿದ್ದೇನೆ. ಅಮ್ಮನ ಪ್ರಕಾರ ಇಂಥದಕ್ಕೆಲ್ಲ ನನಗೆ ಪುರುಸೊತ್ತಿರುವುದು ಅದಕ್ಕೇ.

ಮೊದಲೇ ಒಂದು ಮಾತು. ನಿಂಟೆಂಡೊ ಕಂಪನಿಯ ಗೇಮ್ ಯಂತ್ರದ ಹೆಸರೂ ಸ್ವಿಚ್, ನಾವು ಕೊಳ್ಳಬೇಕಾದ ವಸ್ತುವಿನ ಹೆಸರೂ ಸ್ವಿಚ್. "ಸ್ವಿಚ್‌ಗೆ ಒಂದು ಸ್ವಿಚ್ ಬೇಕು" ಎಂದು ನಾನು ಹೇಳಿದಾಗ ಅಮ್ಮ ಗೋಡೆಯ ಲೈಟ್ ಸ್ವಿಚ್ಚಿನ ಕಡೆ ನೋಡಿದ್ದರು. ಆದ್ದರಿಂದ ಈ ಲೇಖನದ ಉದ್ದಕ್ಕೂ ಆ ಯಂತ್ರವನ್ನು ನಿಂಟೆಂಡೊ ಎನ್ನುತ್ತೇನೆ, ಕೊಳ್ಳಬೇಕಾದ ವಸ್ತುವನ್ನು ಡಬ್ಬಿ ಎನ್ನುತ್ತೇನೆ. ಅದು ನಿಜವಾಗಿಯೂ ಒಂದು ಡಬ್ಬಿಯೇ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒಂದು ಕಡೆ ಮೂರೋ ಐದೋ ಎಚ್‌ಡಿಎಂಐ ಕಿಂಡಿಗಳು, ಇನ್ನೊಂದು ಕಡೆ ಟಿವಿಗೆ ಹೋಗಲು ಒಂದೇ ಕಿಂಡಿ. ಯಾವ ಯಂತ್ರದ ಚಿತ್ರ ಟಿವಿಗೆ ಹೋಗಬೇಕು ಎಂಬುದನ್ನು ಅದು ಆರಿಸುತ್ತದೆ. ಅದರ ಕೆಲಸ ಅಷ್ಟೇ.

ನನ್ನ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇನೆ. ಈ ಡಬ್ಬಿಯನ್ನು ಆರಿಸುವಾಗ ಗೇಮ್ ಆಡುವ ಮಕ್ಕಳನ್ನು ಮಾತ್ರ ಕೇಳಬೇಡಿ. ಅದೇ ಟಿವಿಯನ್ನು ನೋಡುವ, ಆದರೆ ಗೇಮ್ ಆಡದ ಮನುಷ್ಯರನ್ನು ಮೊದಲು ಕೇಳಿ. ನಮ್ಮ ಮನೆಯಲ್ಲಿ ನಾವು ಕೇಳಲಿಲ್ಲ. ಅದರಿಂದ ಏನಾಯಿತು ಎಂಬುದು ಮುಂದಿದೆ.

ನಮ್ಮದು ಬಾಡಿಗೆ ಮನೆ. ಟಿವಿಯೂ ಮನೆಯ ಮಾಲೀಕರದೇ, ಗೋಡೆಗೆ ಅಂಟಿಕೊಂಡಂತೆ ಕೂರಿಸಿದ್ದಾರೆ. ಅದಕ್ಕಿರುವುದು ಮೂರು ಎಚ್‌ಡಿಎಂಐ ಕಿಂಡಿ. ನಮ್ಮಲ್ಲಿರುವುದು ನಾಲ್ಕು ವಸ್ತು: ಯೂಟ್ಯೂಬು, ಧಾರಾವಾಹಿ ನೋಡುವ ಸ್ಟ್ರೀಮಿಂಗ್ ಸ್ಟಿಕ್, ಅಪ್ಪ ಸೆಕೆಂಡ್ ಹ್ಯಾಂಡ್ ತಂದ ಪಿಎಸ್4, ತಮ್ಮನ ನಿಂಟೆಂಡೊ, ಮತ್ತೆ ಪಕ್ಕದ ಮನೆಯವರು ಅಟ್ಟ ಖಾಲಿ ಮಾಡುವಾಗ ಕೊಟ್ಟ ಹಳೆಯ ವೀ. ಡಬ್ಬಿ ಇಲ್ಲದ ಕಾಲದಲ್ಲಿ ತಮ್ಮ ಟಿವಿಯ ಹಿಂದೆ ಕೈ ತೂರಿಸಿ ಒಂದು ಕೇಬಲ್ ಕಿತ್ತು ಇನ್ನೊಂದನ್ನು ಸಿಕ್ಕಿಸುತ್ತಿದ್ದ. ಕಣ್ಣಿಗೆ ಕಾಣುವುದಿಲ್ಲ, ಬೆರಳಂದಾಜಿನಲ್ಲೇ ಒತ್ತುವುದು. ಒಂದು ದಿನ ಮೂರನೆಯ ಕಿಂಡಿ ಸಡಿಲವಾಗಿ ಚಿತ್ರ ಮಿನುಗತೊಡಗಿತು. ಆಮೇಲೆ ಅದೂ ಹೋಯಿತು. ಅಪ್ಪನಿಗೆ ಮೊದಲು ನೆನಪಾದದ್ದು ಮನೆಯ ಡಿಪಾಸಿಟ್.

ಅಪ್ಪ ಎರಡು ದಾರಿ ಹೇಳಿದರು. ಒಂದು, ಎರಡು ಗೇಮ್ ಯಂತ್ರಗಳನ್ನು ಮಾರಿಬಿಡುವುದು. ಇನ್ನೊಂದು, ಮಹಡಿಯ ಕೋಣೆಗೆ ಒಂದು ಚಿಕ್ಕ ಟಿವಿ ತರುವುದು. ಐರ್ಲೆಂಡಿನಲ್ಲಿ ಟಿವಿ ಲೈಸೆನ್ಸ್ 160 ಯೂರೋ, ಅದು ಮನೆಗೆ ಒಂದು, ಟಿವಿಗೆ ಒಂದಲ್ಲ. ಎರಡನೆಯ ಟಿವಿಗೆ ಬೇರೆ ಕಟ್ಟಬೇಕಿಲ್ಲ ಎಂಬುದು ಅಪ್ಪನ ವಾದ. ನಾನು ಎರಡಕ್ಕೂ ಬೇಡ ಎಂದೆ. ಹದಿನಾರು ವರ್ಷದವಳು ಕೋಣೆಗೆ ಟಿವಿ ಬೇಡ ಎಂದರೆ ನಂಬುವುದು ಕಷ್ಟ, ಗೊತ್ತು. ಆದರೆ ಟಿವಿ ಮಹಡಿಗೆ ಹೋದರೆ ತಮ್ಮನೂ ಮಹಡಿಗೆ ಹೋಗುತ್ತಾನೆ, ಊಟಕ್ಕೆ ಕರೆದರೆ ಮಾತ್ರ ಇಳಿಯುತ್ತಾನೆ. ನನಗೆ ಮಾರಿಯೊ ಕಾರ್ಟ್ ಆಡಲು ಜೊತೆ ಯಾರು? ನನ್ನ ಕಾರಣದಲ್ಲಿ ಸ್ವಾರ್ಥವೂ ಇತ್ತು ಎಂದು ಒಪ್ಪುತ್ತೇನೆ. ಒಂದು ಡಬ್ಬಿ ಸಾಕು ಎಂದು ನಾನೇ ಹಟ ಹಿಡಿದೆ.

ಮೊದಲ ಡಬ್ಬಿಯನ್ನು ಅಪ್ಪ ಕೆಲಸದಿಂದ ಬರುವಾಗ ತಂದರು. ನೋಡಲು ಥೇಟ್ ಬೇಕಾದದ್ದೇ. ಸಿಕ್ಕಿಸಿದರೆ ಏನೂ ಬರಲಿಲ್ಲ. ಅದು ಸ್ಪ್ಲಿಟರ್. ಸ್ಪ್ಲಿಟರ್ ಎಂದರೆ ಒಂದು ಯಂತ್ರದ ಚಿತ್ರವನ್ನು ಎರಡು ಟಿವಿಗೆ ಹಂಚುವುದು. ನಮಗೆ ಬೇಕಾದದ್ದು ಅದರ ತಿರುಗುಮುರುಗು. ಈ ತಪ್ಪು ಎಷ್ಟು ಸಾಮಾನ್ಯ ಎಂದರೆ, ಆ ದಿನ ನನ್ನನ್ನು ನಿಲ್ಲಿಸಿದ ಆಂಟಿಯರಲ್ಲಿ ಒಬ್ಬರ ಚೀಲದಲ್ಲೂ ಅದೇ ಇತ್ತು. ಪೆಟ್ಟಿಗೆಯ ಮೇಲೆ ಇನ್ ಎಷ್ಟು, ಔಟ್ ಎಷ್ಟು ಎಂದು ನೋಡಿ. ಇನ್ ಹಲವು ಇರಬೇಕು, ಔಟ್ ಒಂದೇ ಇರಬೇಕು. ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ ಎನ್ನುವ ಪುಟ್ಟ ಡಬ್ಬಿಗಳೂ ಸಿಗುತ್ತವೆ. ಎರಡೇ ಯಂತ್ರ ಇರುವವರಿಗೆ ಅದೂ ನಡೆಯುತ್ತದೆ.

ಎರಡನೆಯದನ್ನು ನಾನೇ ಆರಿಸಿದೆ. ಐದು ಕಿಂಡಿ, ಆಟೋಮ್ಯಾಟಿಕ್, 14 ಯೂರೋ. ಯಂತ್ರ ಆನ್ ಮಾಡಿದರೆ ಸಾಕು, ಡಬ್ಬಿ ತಾನಾಗಿ ಅದರ ಕಡೆ ತಿರುಗುತ್ತದೆ, ಯಾರೂ ಏನೂ ಒತ್ತಬೇಕಿಲ್ಲ. ನಾಲ್ಕೂ ವಸ್ತುಗಳನ್ನು ಅದಕ್ಕೇ ಸಿಕ್ಕಿಸಿ, ಟಿವಿಗೆ ಒಂದೇ ಕೇಬಲ್ ಎಳೆದೆ. ಎಷ್ಟು ಚೆನ್ನಾಗಿ ಕಂಡಿತೆಂದರೆ ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದೆ.

ಅದೇ ಸಮಯಕ್ಕೆ ಸಾಗರದಿಂದ ಅಜ್ಜಿ ಬಂದರು. ಮೂರು ತಿಂಗಳಿಗೆಂದು ಬಂದದ್ದು, ಅದೂ ಅಕ್ಟೋಬರ್ ಕೊನೆಗೆ. ಇಲ್ಲಿಯ ನವೆಂಬರ್ ನಿಮಗೆಲ್ಲ ಗೊತ್ತು. ನಾಲ್ಕೂವರೆಗೆ ಕತ್ತಲೆ, ಹೊರಗೆ ಗಾಳಿ, ನಡೆದಾಡಲು ಜಾಗವಿಲ್ಲ. ಅಮ್ಮ ಅಪ್ಪ ಕೆಲಸಕ್ಕೆ, ನಾವು ಶಾಲೆಗೆ. ಅಜ್ಜಿಗೆ ಸಂಜೆ ಇದ್ದ ಒಂದೇ ಜೊತೆ ಯಕ್ಷಗಾನ. ಸ್ಟಿಕ್ಕಿನ ರಿಮೋಟಿನಲ್ಲಿ ಮೈಕಿನ ಗುಂಡಿ ಒತ್ತಿ "ಯಕ್ಷಗಾನ" ಎನ್ನುವುದನ್ನು ಒಂದೇ ದಿನದಲ್ಲಿ ಕಲಿತಿದ್ದರು.

ಒಂದು ಸಂಜೆ ಗದಾಯುದ್ಧ ಪ್ರಸಂಗ ನಡೆಯುತ್ತಿತ್ತು. ಕೌರವ ಸರೋವರದಲ್ಲಿ ಅಡಗಿದ್ದಾನೆ, ಭೀಮ ದಡದಲ್ಲಿ ನಿಂತು ಮೂದಲಿಸುತ್ತಿದ್ದಾನೆ, ಚೆಂಡೆ ಏರುತ್ತಿದೆ, ಇನ್ನೇನು ಕೌರವ ಮೇಲೆ ಬರಬೇಕು. ಅಷ್ಟರಲ್ಲಿ ತಮ್ಮ ಬಂದು ನಿಂಟೆಂಡೊದ ಕಂಟ್ರೋಲರ್ ಎತ್ತಿಕೊಂಡು ಒಂದು ಗುಂಡಿ ಒತ್ತಿದ. ಟಿವಿ ಒಂದು ಕ್ಷಣ ಕಪ್ಪಾಯಿತು. ಕೌರವನ ಬದಲು ಕೆಂಪು ಟೋಪಿಯ ಮಾರಿಯೊ ಬಂದ. ಅಜ್ಜಿ ನನ್ನ ಕಡೆ ತಿರುಗಿ, "ಕೌರವ ಎಲ್ಲಿ ಹೋದ ಮಾರಾಯ್ತಿ?" ಎಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ಅಜ್ಜಿಯೂ ನಕ್ಕರು.

ಮಾರನೆಯ ದಿನವೂ ಹಾಗೇ ಆಯಿತು. ಅದರ ಮಾರನೆಯ ದಿನ ನಾನು ಪಿಎಸ್4 ಆಫ್ ಮಾಡುವುದನ್ನು ಮರೆತಿದ್ದೆ. ಅಜ್ಜಿ ಎಷ್ಟು ರಿಮೋಟ್ ಒತ್ತಿದರೂ ಸ್ಟಿಕ್ಕಿನ ಚಿತ್ರ ಬರಲಿಲ್ಲ. ತಾವೇ ಏನೋ ಕೆಡಿಸಿಬಿಟ್ಟೆ ಎಂದುಕೊಂಡು ಟಿವಿ ಆರಿಸಿ ಸುಮ್ಮನೆ ಕುಳಿತಿದ್ದರಂತೆ. ಅಂದು ಯಾರೂ ನಗಲಿಲ್ಲ. ಆಮೇಲೆ ಅವರು ಟಿವಿ ಮುಟ್ಟುವುದನ್ನೇ ಬಿಟ್ಟರು. "ನನಗೆ ಬೇಡ ಬಿಡೆ, ಮಕ್ಕಳು ಆಡ್ಲಿ" ಎಂದು ಅಮ್ಮನ ಹಳೆಯ ಫೋನ್ ಹಿಡಿದುಕೊಂಡು ಮಹಡಿಗೆ ಹೋಗತೊಡಗಿದರು. ಅಂಗೈಯಗಲದ ಪರದೆಯಲ್ಲಿ ಯಕ್ಷಗಾನ, ಅದೂ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು. ತಮ್ಮನನ್ನು ಮಹಡಿಗೆ ಕಳಿಸಬಾರದು ಎಂದು ವಾದಿಸಿ ಕೊಂಡ ಡಬ್ಬಿ ಅಜ್ಜಿಯನ್ನು ಮಹಡಿಗೆ ಕಳಿಸಿತ್ತು. ಇದು ನನಗೆ ಹೊಳೆಯಲು ಒಂದು ವಾರ ಬೇಕಾಯಿತು. ಆ ವಾರ ನನಗೆ ಪಿಎಸ್4 ಆಡಲು ಸಮಯ ಜಾಸ್ತಿ ಸಿಕ್ಕಿದ್ದೂ ಅದಕ್ಕೆ ಕಾರಣವಿರಬಹುದು.

ಡಬ್ಬಿಯ ತಪ್ಪೇನಿರಲಿಲ್ಲ. ಹೇಳಿದ್ದನ್ನೇ ಮಾಡುತ್ತಿತ್ತು. ಆಟೋಮ್ಯಾಟಿಕ್ ಡಬ್ಬಿಗೆ ಯಾರು ಏನು ನೋಡುತ್ತಿದ್ದಾರೆ ಎಂಬುದು ಗೊತ್ತಿಲ್ಲ. ಹೊಸದಾಗಿ ಯಾವ ಯಂತ್ರಕ್ಕೆ ಜೀವ ಬಂತೋ ಪರದೆಯನ್ನು ಅದಕ್ಕೆ ಕೊಡುತ್ತದೆ. ಒಬ್ಬರೇ ಇರುವ ಮನೆಗೆ ಅದು ಚೆನ್ನ. ಐದು ಜನ ಇರುವ ಮನೆಯಲ್ಲಿ ಅದು ಕಸಿದುಕೊಳ್ಳುವವರ ಪಕ್ಷ.

ಈ ಕಥೆ ಕೇಳಿ ಅಪ್ಪ ತಮ್ಮ ಬಾಲ್ಯದ ಡಬ್ಬಿಯೊಂದನ್ನು ನೆನೆಸಿಕೊಂಡರು. ತೊಂಬತ್ತರ ದಶಕದಲ್ಲಿ ಅವರ ಮನೆಗೆ ಕ್ಯಾಸೆಟ್ ಹಾಕುವ ಟಿವಿ ಗೇಮ್ ಬಂದಿತ್ತಂತೆ, ಅದರೊಳಗೂ ಇದೇ ಮಾರಿಯೊ. ಆಗಿನ ಟಿವಿಗೆ ಇದ್ದದ್ದು ಒಂದೇ ಆಂಟೆನಾ ಕಿಂಡಿ. ಅದಕ್ಕಾಗಿ ಗೇಮ್ ಜೊತೆಗೆ ಒಂದು ಪುಟ್ಟ ಡಬ್ಬಿ ಬರುತ್ತಿತ್ತು. ಆಂಟೆನಾ ವೈರೂ ಅದಕ್ಕೆ, ಗೇಮ್ ವೈರೂ ಅದಕ್ಕೆ. ಮೇಲೆ ಅತ್ತ ಇತ್ತ ಜರುಗುವ ಒಂದು ಗುಂಡಿ, ಒಂದು ಬದಿಗೆ ಟಿವಿ, ಇನ್ನೊಂದು ಬದಿಗೆ ಗೇಮ್. ಅಮೆರಿಕದಲ್ಲಿ 1977ರಲ್ಲಿ ಬಂದ ಅಟಾರಿ ಯಂತ್ರಕ್ಕೂ ಇಂಥದೇ ಡಬ್ಬಿ ಇತ್ತು. ವಾರ್ತೆಯ ಹೊತ್ತಿಗೆ ತಾತ ಎದ್ದು ಬಂದು ಗುಂಡಿಯನ್ನು ಟಿವಿ ಕಡೆಗೆ ಜರುಗಿಸಿದರೆ ಆಟ ಮುಗಿಯಿತು. ಅದನ್ನು ಮತ್ತೆ ಜರುಗಿಸುವ ಧೈರ್ಯ ಯಾರಿಗೂ ಇರಲಿಲ್ಲ ಎಂದರು ಅಪ್ಪ. ಕೈಯಿಂದ ಜರುಗಿಸಬೇಕು, ಅಂದರೆ ಎಲ್ಲರ ಕಣ್ಣೆದುರು ಎದ್ದು ಹೋಗಬೇಕು. ನನಗೆ ಬೇಕಾದ ಡಬ್ಬಿ ಇಂಥದ್ದು ಎಂದು ಅಲ್ಲೇ ತೀರ್ಮಾನವಾಯಿತು.

ಮೂರನೆಯದು ಮೂರು ಕಿಂಡಿಯದು, ಆಟೋಮ್ಯಾಟಿಕ್ಕನ್ನು ಆಫ್ ಮಾಡಬಹುದಾದದ್ದು, ಮೇಲೆ ಒಂದೊಂದು ಕಿಂಡಿಗೂ ಒಂದೊಂದು ಗುಂಡಿ. 22 ಯೂರೋ. ಆದರೆ ನಿಜವಾದ ಬದಲಾವಣೆ ಡಬ್ಬಿಯಲ್ಲಿ ಆದದ್ದಲ್ಲ, ಸಿಕ್ಕಿಸುವ ಕ್ರಮದಲ್ಲಿ ಆದದ್ದು. ಅಜ್ಜಿಯ ಸ್ಟಿಕ್ಕನ್ನು ಡಬ್ಬಿಯಿಂದ ಹೊರಗೆ ತಂದು ಟಿವಿಯ ಒಂದನೆಯ ಕಿಂಡಿಗೆ ನೇರವಾಗಿ ಸಿಕ್ಕಿಸಿದೆವು. ಗೇಮುಗಳು ಮೂರೂ ಡಬ್ಬಿಗೆ, ಡಬ್ಬಿ ಎರಡನೆಯ ಕಿಂಡಿಗೆ. ಸ್ಟಿಕ್ಕಿನ ರಿಮೋಟಿನಲ್ಲಿ ಮನೆಯ ಚಿತ್ರವಿರುವ ಗುಂಡಿ ಒತ್ತಿದರೆ ನಮ್ಮ ಟಿವಿ ತಾನೇ ಆನ್ ಆಗಿ ಅದರ ಕಡೆ ತಿರುಗುತ್ತದೆ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಸಿಇಸಿ ಎಂಬ ಸಂಕೇತ ಓಡಾಡುವುದರಿಂದ ಹೀಗಾಗುತ್ತದೆ. ನಿಮ್ಮ ಟಿವಿಯ ಸೆಟ್ಟಿಂಗಿನಲ್ಲಿ ಅದು ಆನ್ ಇರಬೇಕು, ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿದೆ. ಆದರೆ ಗೇಮ್ ಯಂತ್ರಗಳೂ ಇದೇ ಸಂಕೇತ ಬಳಸಿ ಪರದೆ ಕಸಿಯಬಲ್ಲವು! ಪಿಎಸ್4, ಪಿಎಸ್5ರ ಸೆಟ್ಟಿಂಗಿನಲ್ಲಿ ಎಚ್‌ಡಿಎಂಐ ಡಿವೈಸ್ ಲಿಂಕ್ ಎಂದಿರುವುದನ್ನು ಆಫ್ ಮಾಡಿ. ನಿಂಟೆಂಡೊದಲ್ಲಿ ಟಿವಿ ಸೆಟ್ಟಿಂಗಿಗೆ ಹೋಗಿ ಮ್ಯಾಚ್ ಟಿವಿ ಪವರ್ ಸ್ಟೇಟ್ ಎಂಬುದನ್ನು ಆಫ್ ಮಾಡಿ. ಇದಕ್ಕೆ ಒಂದು ಸೆಂಟೂ ಖರ್ಚಿಲ್ಲ. ಹತ್ತು ನಿಮಿಷದ ಈ ಕೆಲಸ ಮಾಡದೆ ಎಷ್ಟು ದುಬಾರಿ ಡಬ್ಬಿ ತಂದರೂ ಕೌರವ ಮಾಯವಾಗುತ್ತಲೇ ಇರುತ್ತಾನೆ.

ಈ ಕ್ರಮದಿಂದ ಇನ್ನೊಂದು ಲಾಭ ಇದೆ. ಹಲವು ಟಿವಿಗಳು ಚಿತ್ರದ ಸೆಟ್ಟಿಂಗನ್ನು ಕಿಂಡಿಗೆ ಒಂದರಂತೆ ನೆನಪಿಟ್ಟುಕೊಳ್ಳುತ್ತವೆ. ಗೇಮುಗಳ ಕಿಂಡಿಗೆ ಗೇಮ್ ಮೋಡ್ ಹಾಕಿಟ್ಟರೆ ಅಜ್ಜಿಯ ಕಿಂಡಿಯ ಬಣ್ಣ ಕೆಡುವುದಿಲ್ಲ.

ಈಗ ದುಡ್ಡಿನ ವಿಷಯ. ಅಂಗಡಿಯಲ್ಲಿ 4ಕೆ, 8ಕೆ, 48 ಗಿಗಾಬಿಟ್ ಎಂದು ದೊಡ್ಡಕ್ಷರದಲ್ಲಿ ಬರೆದ ಡಬ್ಬಿಗಳಿರುತ್ತವೆ. ನಿಮ್ಮ ಮನೆಯ ಯಂತ್ರ ಏನು ಕೊಡುತ್ತದೆ ಎಂಬುದಷ್ಟೇ ಮುಖ್ಯ. ಸಾಮಾನ್ಯ ಪಿಎಸ್4 ಮತ್ತು 2017ರಲ್ಲಿ ಬಂದ ಮೊದಲ ನಿಂಟೆಂಡೊ ಸ್ವಿಚ್ ಕೊಡುವುದು ಹೆಚ್ಚೆಂದರೆ 1080ಪಿ, ಸೆಕೆಂಡಿಗೆ 60 ಚಿತ್ರ. ಅಗ್ಗದ ಡಬ್ಬಿಯೂ ಇದನ್ನು ಹೊರುತ್ತದೆ. ಪಿಎಸ್4 ಪ್ರೊ ಅಥವಾ 2025ರ ನಿಂಟೆಂಡೊ ಸ್ವಿಚ್ 2 ಇದ್ದರೆ 4ಕೆ ಬೇಕು, ಅದಕ್ಕೆ 18 ಗಿಗಾಬಿಟ್ಟಿನ ಎಚ್‌ಡಿಎಂಐ 2.0 ಸಾಕು. ಮೋಸ ಇಲ್ಲಿದೆ: ಹಳೆಯ 1.4 ಡಬ್ಬಿಯೂ 4ಕೆ ಎಂದೇ ಬರೆದುಕೊಳ್ಳುತ್ತದೆ, ಆದರೆ ಅದು ಸೆಕೆಂಡಿಗೆ 30 ಚಿತ್ರ ಮಾತ್ರ ದಾಟಿಸುತ್ತದೆ. ಪಕ್ಕದಲ್ಲಿ 60 ಹರ್ಟ್ಸ್ ಎಂದಿದೆಯೇ ನೋಡಿ. ಎಚ್‌ಡಿಸಿಪಿ 2.2 ಎಂದೂ ಇರಲಿ. ಅದಿಲ್ಲದ ಡಬ್ಬಿಗೆ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದರೆ 4ಕೆ ಸಿನಿಮಾಗಳು ಸರಿಯಾಗಿ ಬರುವುದಿಲ್ಲ.

ಪಿಎಸ್5 ಇದ್ದವರು ಏನು ಮಾಡಬೇಕು? ಅದು ಸೆಕೆಂಡಿಗೆ 120 ಚಿತ್ರದ 4ಕೆ ಕೊಡಬಲ್ಲದು, ಅದಕ್ಕೆ 2.1 ಬೇಕು, ಅಂಥ ಡಬ್ಬಿ ದುಬಾರಿ. ನನ್ನ ಸಲಹೆ: ಅದಕ್ಕೆ ಡಬ್ಬಿಯೇ ಬೇಡ. ಪಿಎಸ್5ಅನ್ನು ಟಿವಿಗೆ ನೇರ ಸಿಕ್ಕಿಸಿ, ಹಳೆಯವನ್ನೆಲ್ಲ ಅಗ್ಗದ ಡಬ್ಬಿಗೆ ತಳ್ಳಿ. ಹೊಸ ಯಂತ್ರ ಒಂದಕ್ಕಾಗಿ ಎಲ್ಲಕ್ಕೂ ದುಬಾರಿ ದಾರಿ ಹಾಕಿಸುವುದು ಮೂಗಿಗಿಂತ ಮೂಗುತಿ ಭಾರ ಎಂಬ ಹಾಗೆ.

ಡಬ್ಬಿಯಿಂದ ಗೇಮ್ ನಿಧಾನವಾಗುತ್ತದೆ ಎಂದು ನಿಮ್ಮ ಮಕ್ಕಳು ಹೇಳಬಹುದು. ನನ್ನ ತಮ್ಮ ಸೋತಾಗಲೆಲ್ಲ ಹೇಳುತ್ತಾನೆ. ಡಬ್ಬಿ ಚಿತ್ರವನ್ನು ಬದಲಾಯಿಸುವುದಿಲ್ಲ, ಬಂದದ್ದನ್ನು ಹಾಗೇ ಮುಂದೆ ಕಳಿಸುತ್ತದೆ. ಕಣ್ಣಿಗೆ ತಿಳಿಯುವಷ್ಟು ತಡವಾಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ನಿಜವಾಗಿ ನಿಧಾನ ಮಾಡಬಲ್ಲದ್ದು ಕನ್ವರ್ಟರ್. ಎಚ್‌ಡಿಎಂಐ ಇಲ್ಲದ ಹಳೆಯ ಯಂತ್ರಗಳಿಗೆ ಇದು ಬೇಕಾಗುತ್ತದೆ. ಇಲ್ಲಿಯ ಹಳೆಯ ಟಿವಿಗಳ ಹಿಂದೆ ಉದ್ದನೆಯ, ಚಪ್ಪಟೆಯಾದ, 21 ಪಿನ್ನಿನ ಸ್ಕಾರ್ಟ್ ಕಿಂಡಿ ಇರುತ್ತಿತ್ತು. ಅದು ಫ್ರಾನ್ಸಿನಲ್ಲಿ ಹುಟ್ಟಿ ಯುರೋಪಿನ ತುಂಬ ಹರಡಿದ್ದು. ಊರಿನಲ್ಲಿ ಅಪ್ಪ ಅಮ್ಮಂದಿರು ನೋಡಿದ್ದು ವಿಸಿಡಿ ಪ್ಲೇಯರಿನ ಹಳದಿ, ಬಿಳಿ, ಕೆಂಪು ವೈರು. ಹೊಸ ಟಿವಿಗಳಲ್ಲಿ ಇವೆರಡೂ ಕಡಿಮೆಯಾಗಿವೆ. ವೀಗೆ ಅದರ ಹಿಂದೆಯೇ ಚುಚ್ಚುವ ಪುಟ್ಟ ಅಡಾಪ್ಟರ್ ಸಿಗುತ್ತದೆ, ಅದರ ಇನ್ನೊಂದು ತುದಿಯಲ್ಲಿ ಎಚ್‌ಡಿಎಂಐ. ನಮ್ಮ ವೀ ಹೀಗೆಯೇ ಡಬ್ಬಿಗೆ ಬಂದದ್ದು. ಹಳೆಯ ಯಂತ್ರಗಳು ಎರಡು ಮೂರು ಇದ್ದರೆ ಒಂದೊಂದಕ್ಕೂ ಕನ್ವರ್ಟರ್ ಕೊಳ್ಳಬೇಡಿ. ಮೊದಲು ಅವನ್ನೆಲ್ಲ ಹಳೆಯ ಕಾಲದ ಸ್ಕಾರ್ಟ್ ಡಬ್ಬಿಗೆ ಸೇರಿಸಿ, ಅಲ್ಲಿಂದ ಒಂದೇ ಕನ್ವರ್ಟರ್ ಮೂಲಕ ಎಚ್‌ಡಿಎಂಐಗೆ ಬನ್ನಿ.

ಎಲ್ಲಿ ಕೊಳ್ಳಬೇಕು? ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗ, ಊರಿಗೆ ಹೋದಾಗ ತರೋಣ ಎಂದು ನಮ್ಮ ಮನೆಯಲ್ಲೂ ಮಾತು ಬಂತು. ಯುಎಸ್‌ಬಿಯಿಂದ ಕರೆಂಟು ತೆಗೆದುಕೊಳ್ಳುವ ಡಬ್ಬಿಯಾದರೆ ಪ್ಲಗ್ ಆಕಾರದ ತೊಂದರೆಯೂ ಇಲ್ಲ. ಆದರೆ ಕೆಲಸ ಮಾಡದಿದ್ದರೆ ವಾಪಸ್ ಕೊಡಲು ಎಸ್.ಪಿ. ರೋಡಿಗೆ ಯಾರು ಹೋಗುತ್ತಾರೆ? ಐರ್ಲೆಂಡಿನಲ್ಲೋ ಐರೋಪ್ಯ ಒಕ್ಕೂಟದ ಬೇರೆ ದೇಶದಲ್ಲೋ ಇರುವ ಅಂಗಡಿಯಿಂದ ಆನ್‌ಲೈನಿನಲ್ಲಿ ಕೊಂಡರೆ 14 ದಿನದೊಳಗೆ ಕಾರಣ ಹೇಳದೆ ರದ್ದು ಮಾಡುವ ಹಕ್ಕಿದೆ. ಬ್ರಿಟನ್ನಿನ ತಾಣದಲ್ಲಿ ಬೆಲೆ ಕಡಿಮೆ ಕಂಡರೆ ಅದರಲ್ಲಿ ಐರಿಶ್ ವ್ಯಾಟ್ ಸೇರಿದೆಯೇ ನೋಡಿ. 2021ರ ಜುಲೈಯಿಂದ ಒಕ್ಕೂಟದ ಹೊರಗಿನಿಂದ ಬರುವ ಸಣ್ಣ ಪಾರ್ಸೆಲ್ಲಿಗೂ ವ್ಯಾಟ್ ಇದೆ, ಇಂಥ ವಸ್ತುಗಳಿಗೆ ಅದು ಶೇಕಡ 23. ಡಬ್ಬಿಯ ಜೊತೆಗೆ ಪ್ರತಿ ಯಂತ್ರಕ್ಕೂ ಒಂದು ಕೇಬಲ್, ಟಿವಿಗೆ ಇನ್ನೊಂದು ಕೇಬಲ್ ಬೇಕು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮಗೆ ಅದು ಹೊಳೆದದ್ದು ಎಲ್ಲ ಬಿಚ್ಚಿಟ್ಟ ಮೇಲೆ, ಭಾನುವಾರ ರಾತ್ರಿ ಒಂಬತ್ತಕ್ಕೆ.

ಕರೆಂಟೇ ಬೇಡದ ಡಬ್ಬಿಗಳೂ ಇವೆ, ಇನ್ನೂ ಅಗ್ಗ. ಕೇಬಲ್ ಚಿಕ್ಕದಾಗಿದ್ದರೆ ನಡೆಯುತ್ತವೆ, ಉದ್ದವಾದರೆ ಚಿತ್ರ ಹೋಗಿ ಬಂದು ಮಾಡುತ್ತದೆ. ನಾನಾದರೆ ಯುಎಸ್‌ಬಿ ಇರುವುದನ್ನೇ ಕೊಳ್ಳುತ್ತೇನೆ, ಅದನ್ನು ಟಿವಿಯ ಯುಎಸ್‌ಬಿಗೇ ಸಿಕ್ಕಿಸುತ್ತೇನೆ. ಹಲವು ಟಿವಿಗಳಲ್ಲಿ ಟಿವಿ ಆರಿಸಿದಾಗ ಅದರ ಜೊತೆಗೆ ಡಬ್ಬಿಯೂ ಆರುತ್ತದೆ.

ಹೊಸ ಡಬ್ಬಿ ಬಂದ ದಿನ ಯಾವ ಗುಂಡಿ ಯಾವುದಕ್ಕೆ ಎಂದು ಚೀಟಿ ಅಂಟಿಸಬೇಕಿತ್ತು. ಇಂಗ್ಲಿಷಿನಲ್ಲಿ ಬರೆಯಲು ಹೊರಟ ತಮ್ಮನನ್ನು ಅಜ್ಜಿ ತಡೆದರು. ಅವನು ಕನ್ನಡ ಶಾಲೆಯಲ್ಲಿ ಅಂಕಿಗಳನ್ನು ಆಗಷ್ಟೇ ಕಲಿತಿದ್ದ. ೧, ೨, ೩ ಎಂದು ಬರೆದ. ಮೂರರ ಬಾಲ ಅತ್ತ ತಿರುಗಬೇಕೋ ಇತ್ತ ತಿರುಗಬೇಕೋ ಎಂಬ ಅನುಮಾನದಲ್ಲಿ ಎರಡು ಚೀಟಿ ಹಾಳಾದವು. ಆ ಸಂಜೆ ಅಜ್ಜಿ ಕೆಳಗೇ ಕುಳಿತು ಗದಾಯುದ್ಧ ಮೊದಲಿಂದ ಹಾಕಿಸಿದರು. ತಮ್ಮ ಕಂಟ್ರೋಲರ್ ಹಿಡಿದುಕೊಂಡೇ ಪಕ್ಕದಲ್ಲಿ ಕಾದ. ಯಕ್ಷಗಾನ ಎಷ್ಟು ಹೊತ್ತು ನಡೆಯುತ್ತದೆ ಎಂಬ ಅಂದಾಜು ಪಾಪ ಅವನಿಗಿರಲಿಲ್ಲ.

ಲೆಕ್ಕ ಹಾಕಿದರೆ ನಮಗೆ ತಗುಲಿದ್ದು 36 ಯೂರೋ. ಅಂಗಡಿಗೆ ವಾಪಸ್ ಕೊಟ್ಟ ಸ್ಪ್ಲಿಟರ್ ಇದರಲ್ಲಿಲ್ಲ. ಮೊದಲೇ ಅಜ್ಜಿಯನ್ನು ಕೇಳಿದ್ದರೆ 22ಕ್ಕೆ ಮುಗಿಯುತ್ತಿತ್ತು. ಅಜ್ಜಿ ಜನವರಿಯಲ್ಲಿ ಊರಿಗೆ ಹೋದರು. ಒಂದನೆಯ ಕಿಂಡಿಯಲ್ಲಿ ಅವರ ಸ್ಟಿಕ್ ಹಾಗೇ ಇದೆ. ಅದನ್ನು ಕಿತ್ತು ಅಲ್ಲಿ ಪಿಎಸ್4 ಹಾಕಬಹುದಲ್ಲ ಎಂದು ತಮ್ಮ ಮೊನ್ನೆ ಕೇಳಿದ, ನಾನು ಆಗಲ್ಲ ಎಂದೆ.

ಐದು ಕಿಂಡಿಯ ಆಟೋಮ್ಯಾಟಿಕ್ ಡಬ್ಬಿ ನಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿದೆ. ಚೆನ್ನಾಗಿ ಕೆಲಸ ಮಾಡುತ್ತದೆ. ಒಬ್ಬರೇ ಟಿವಿ ನೋಡುವ ಮನೆ ಇದ್ದರೆ, ಓದಲು ಬಂದು ಕೋಣೆ ಮಾಡಿಕೊಂಡಿರುವ ಅಣ್ಣಂದಿರು ಅಕ್ಕಂದಿರು ಯಾರಾದರೂ ಇದ್ದರೆ, ಮುಂದಿನ ತರಗತಿಯ ದಿನ ನನ್ನನ್ನು ಕೇಳಿ, ದುಡ್ಡು ಬೇಡ. ಯಾರೂ ಕೇಳದಿದ್ದರೆ ಕೌನ್ಸಿಲ್‌ನ ರೀಸೈಕ್ಲಿಂಗ್ ಕೇಂದ್ರಕ್ಕೆ ಕೊಡುತ್ತೇವೆ. ಹಳೆಯ ಎಲೆಕ್ಟ್ರಿಕ್ ಸಾಮಾನುಗಳನ್ನು ಅಲ್ಲಿ ಪುಕ್ಕಟೆ ತೆಗೆದುಕೊಳ್ಳುತ್ತಾರೆ. ಇನ್ನೂ ಅನುಮಾನ ಇರುವವರು ನಿಮ್ಮ ಟಿವಿಯ ಹಿಂಭಾಗದ ಒಂದು ಫೋಟೋ ತನ್ನಿ. ಧೂಳು ಒರೆಸಿ ತೆಗೆದರೆ ಉಪಕಾರ.